ಡಿಕ್ಕಿ, ಸ್ಟೆಪ್ನಿ, ಅಚ್ಚು: ಹೆಸರುಗಳ ಮೂಲ ಹುಡುಕಿದ ನನ್ನ ಅನುಭವ

ಮೋಟಾರು ಮೆಕ್ಯಾನಿಕ್ ತರಗತಿಗೆ ಕನ್ನಡದಲ್ಲಿ ಟಿಪ್ಪಣಿ ಬರೆಯಲು ಕುಳಿತಾಗ, ಪ್ರತಿ ಬಿಡಿಭಾಗದ ಹೆಸರು ಎಲ್ಲಿಂದ ಬಂತೆಂದು ಒಂದೆರಡು ಸಾಲು ಸೇರಿಸಿದರೆ ಹುಡುಗರ ನೆನಪಿನಲ್ಲಿ ಉಳಿದೀತು ಎಂದುಕೊಂಡೆ. ಮೊದಲ ಪದದಲ್ಲೇ ಎಡವಿದೆ, ಅದು ಕಾರಿನ ಹಿಂಬದಿಯ ಸಾಮಾನಿನ ಜಾಗದ ಹೆಸರಾದ ಡಿಕ್ಕಿ. ಹಿಂದಿನಿಂದ ಬರುವ ವಾಹನ ಡಿಕ್ಕಿ ಹೊಡೆಯುವುದು ಅಲ್ಲಿಗೇ ಆದ್ದರಿಂದ ಅದು ಡಿಕ್ಕಿ ಎಂದು ಯಾರೋ ಹೇಳಿದ್ದನ್ನು ಹಾಗೆಯೇ ಬರೆದುಬಿಟ್ಟಿದ್ದೆ. ಅಷ್ಟು ಚೆನ್ನಾಗಿ ಹೊಂದುವ ವಿವರಣೆಯನ್ನು ಅನುಮಾನಿಸಬೇಕೆಂದು ಆಗ ತೋಚಲಿಲ್ಲ. ನಿಜವಾಗಿ ಇಂಗ್ಲೆಂಡಿನ ಸಾರೋಟುಗಳ ಹಿಂಬದಿಯಲ್ಲಿ ಆಳುಗಳು ಕೂರುತ್ತಿದ್ದ ಆಸನಕ್ಕೆ ಡಿಕಿ ಎನ್ನುತ್ತಿದ್ದರು. ಮುಂದೆ ಇಬ್ಬರು ಕೂರುವ ಕಾರುಗಳ ಹಿಂದೆ ಮಡಚಿಡುವ ಆಸನಕ್ಕೂ ಅದೇ ಹೆಸರಾಯಿತು. ಇಂಗ್ಲೆಂಡಿನಲ್ಲಿ ಬೂಟ್, ಅಮೆರಿಕದಲ್ಲಿ ಟ್ರಂಕ್ ಎನ್ನುವ ಸಾಮಾನಿನ ಜಾಗಕ್ಕೆ ನಮ್ಮಲ್ಲಿ ಮಾತ್ರ ಆ ಹೆಸರು ಅಂಟಿಕೊಂಡಿದೆ. ಕನ್ನಡದ ಡಿಕ್ಕಿಗೂ ಅದಕ್ಕೂ ಯಾವ ನಂಟೂ ಇಲ್ಲ.

ಅಂದಿನಿಂದ, ಕಾರು ಬರುವ ಮುನ್ನ ಆ ಹೆಸರು ಯಾವ ವಸ್ತುವಿಗಿತ್ತು ಎಂದು ಮೊದಲು ಕೇಳಿಕೊಂಡು, ಆಮೇಲೆ ನಿಘಂಟು ತೆರೆಯುವುದನ್ನು ರೂಢಿಸಿಕೊಂಡೆ. ಡ್ಯಾಶ್‌ಬೋರ್ಡ್ ಎಂಬುದು ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಸವಾರರಿಗೆ ತಾಗದಂತೆ ಗಾಡಿಯ ಮುಂದೆ ಹಾಕುತ್ತಿದ್ದ ಹಲಗೆ. ಟೈರ್ ಎಂಬುದು ಉಡುಪು ಎಂಬರ್ಥದ ಅಟೈರ್ ಪದದ ಮೊಟಕು ರೂಪ. ಮರದ ಗಾಲಿಗೆ ತೊಡಿಸುವ ಕಬ್ಬಿಣಕ್ಕೆ ರಬ್ಬರಿಗಿಂತ ಶತಮಾನಗಳ ಮೊದಲೇ ಆ ಹೆಸರಿತ್ತು. ಇದನ್ನು ಓದಿದಾಗ ನನಗೆ ಊರಿನ ಕುಲುಮೆ ನೆನಪಾಯಿತು: ಹಳಿಯನ್ನು ಕೆಂಪಗೆ ಕಾಯಿಸಿ, ಗಾಲಿಗೆ ತೊಡಿಸಿ, ನೀರು ಹೊಯ್ದ ಕೂಡಲೇ ಅದು ಕುಗ್ಗಿ ಮರವನ್ನು ಕಚ್ಚಿ ಹಿಡಿಯುತ್ತಿತ್ತು. ಉಡುಪು ಎಂದದ್ದು ಸರಿಯಾಗಿಯೇ ಇದೆ.

ಸ್ಟೆಪ್ನಿಗೆ ಮಾತ್ರ ಈ ಉಪಾಯ ನಡೆಯಲಿಲ್ಲ, ಏಕೆಂದರೆ ಅದು ಗಾಡಿಯ ಕಾಲದ ಪದವೇ ಅಲ್ಲ. ಲಂಡನ್ನಿನ ಸ್ಟೆಪ್ನಿ ಬಡಾವಣೆಯಿಂದ ಬಂದಿರಬೇಕೆಂದು ಊಹಿಸಿದ್ದೆ, ಅದೂ ತಪ್ಪಾಯಿತು. ವೇಲ್ಸ್‌ನ ಲನೆಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು 1904ರ ಸುಮಾರಿಗೆ ತಯಾರಿಸಿದ ಬದಲಿ ಚಕ್ರದ ಹೆಸರು ಅದು. ಆ ಕಾಲದ ಕಾರುಗಳಲ್ಲಿ ಹೆಚ್ಚುವರಿ ಚಕ್ರ ಇರುತ್ತಿರಲಿಲ್ಲ. ಪಂಕ್ಚರ್ ಆದರೆ ರಸ್ತೆಯ ಬದಿಯಲ್ಲೇ ಕುಳಿತು ತೇಪೆ ಹಾಕಬೇಕಾಗಿತ್ತು. ಇವರ ಚಕ್ರಕ್ಕೆ ಅರೆಕಾಲುಗಳೇ (ಸ್ಪೋಕ್‌ಗಳೇ) ಇರಲಿಲ್ಲ. ಗಾಳಿ ತುಂಬಿದ ಟೈರು ತೊಡಿಸಿದ ರಿಮ್ಮನ್ನಷ್ಟೇ ಪಂಕ್ಚರಾದ ಚಕ್ರದ ಪಕ್ಕಕ್ಕೆ ಕ್ಲ್ಯಾಂಪಿನಿಂದ ಬಿಗಿದು ಮುಂದೆ ಸಾಗುತ್ತಿದ್ದರು. ಕಳಚಿ ಜೋಡಿಸುವ ಚಕ್ರಗಳು ಬಂದ ಮೇಲೆ ಆ ವಸ್ತು ಮರೆಯಾಯಿತು, ಆದರೆ ಹೆಸರು ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಉಳಿದುಕೊಂಡಿತು.

ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಎಕ್ಸೆಲ್, ಅಂದರೆ ಎರಡು ಚಕ್ರಗಳ ನಡುವಿನ ದಂಡ. ನಮ್ಮಲ್ಲಿ ಅದಕ್ಕೆ ಅಚ್ಚು ಎನ್ನುತ್ತಾರೆ. ಎತ್ತಿನ ಬಂಡಿಯ ಅಚ್ಚು ಸಂಸ್ಕೃತದ ಅಕ್ಷದಿಂದ ಬಂದ ತದ್ಭವ. ಇಂಗ್ಲಿಷಿನ ಆ ಪದವೂ ಅಕ್ಷವೂ ಒಂದೇ ಪ್ರಾಚೀನ ಮೂಲದ ಕವಲುಗಳು. ಹಾಗಾಗಿ ಟಿಪ್ಪಣಿಯಲ್ಲಿ ಧೈರ್ಯವಾಗಿ ‘ಹಿಂಬದಿಯ ಅಚ್ಚು’ ಎಂದೇ ಬರೆದಿದ್ದೇನೆ, ಆದರೆ ವರ್ಕ್‌ಶಾಪಿಗೆ ಇಳಿದರೆ ಹುಡುಗರ ಜೊತೆ ನಾನೂ ಎಕ್ಸೆಲ್ ಎಂದೇ ಕೂಗುತ್ತೇನೆ.