ಧಾರವಾಡದ ಚಳಿಯಲ್ಲಿ ಹಿತ್ತಲ ಗಿಡ: ನೀರು ಹತ್ತು ಗಂಟೆಗೆ, ಮಾತು ಏಳು ಗಂಟೆಗೆ

ಎಳ್ಳಮವಾಸ್ಯೆ ಹತ್ತಿರ ಬಂತೆಂದರೆ ನಮ್ಮ ಓಣಿಯಲ್ಲಿ ಬೆಳಗಿನ ಮಾತೆಲ್ಲ ಗಿಡದ್ದೇ. ಏಳು ಗಂಟೆಗೆ ನಾನು ಸ್ವೆಟರ್ ಹಾಕಿಕೊಂಡು, ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು ಹಿತ್ತಲಿಗೆ ಬರುತ್ತೇನೆ. ಕಂಪೌಂಡಿನ ಆಚೆ ಪಕ್ಕದ ಮನೆ ಕಾಕಾ ಆಗಲೇ ಮಫ್ಲರ್ ಸುತ್ತಿಕೊಂಡು, ಚಹಾದ ಕಪ್ಪು ಹಿಡಿದು ನಿಂತಿರುತ್ತಾರೆ. "ಏನವಾ, ಟೊಮ್ಯಾಟೊ ಹೆಂಗ ಅದಾವ?" ಅಲ್ಲಿಂದ ಶುರು. ಹಿಂದಿನ ಮನೆ ವೈನಿ ಮೆಂತ್ಯದ ಮಡಿಯಿಂದ ತಲೆ ಎತ್ತಿ ತಮ್ಮದೊಂದು ಪ್ರಶ್ನೆ ಸೇರಿಸುತ್ತಾರೆ. ಹದಿನೈದು ನಿಮಿಷದ ಈ ಮಾತಿನಲ್ಲೇ ನಾನು ಹಿತ್ತಲು ನೋಡಿಕೊಳ್ಳೋದನ್ನು ಕಲಿತದ್ದು. ಈ ವರ್ಷ ಹೊಸದಾಗಿ ಕುಂಡ ತಂದಿಟ್ಟವರು ನಮ್ಮ ಓಣಿಯಲ್ಲಿ ನಾಲ್ಕು ಮನೆ ಇದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನಮ್ಮದು ಹಿಮ ಬೀಳುವ ಊರಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ 12–14 ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಇನ್ನೂ ಸ್ವಲ್ಪ ಕೆಳಗೆ. ಮಧ್ಯಾಹ್ನ ಮತ್ತೆ 28, 30. ಇಷ್ಟು ಚಳಿಗೆ ಗಿಡ ಸಾಯೋದಿಲ್ಲ. ಸಾಯೋದು ನಾವು ಹಾಕುವ ನೀರಿಗೆ. ಹತ್ತು ಚಳಿಗಾಲ ನೋಡಿ ಹೇಳುತ್ತಿದ್ದೇನೆ, ಈ ಕಾಲದಲ್ಲಿ ನನ್ನ ಕೈಯಲ್ಲಿ ಸತ್ತ ಗಿಡಗಳೆಲ್ಲ ಹೆಚ್ಚು ಕಡಿಮೆ ಬೇರು ಕೊಳೆತು ಸತ್ತವೇ.

ಯಾಕೆ ಹೀಗೆ? ಮಣ್ಣು ತಣ್ಣಗಾದಾಗ ಬೇರು ನೀರು ಎಳೆಯೋದು ನಿಧಾನವಾಗುತ್ತದೆ. ಗಿಡ ಬೆಳೆಯೋದೂ ನಿಧಾನ. ನಾವು ಮಾತ್ರ ಬೇಸಿಗೆಯ ಲೆಕ್ಕದಲ್ಲೇ ಕೊಡ ಬಗ್ಗಿಸುತ್ತೇವೆ. ಅದೂ ಸಂಜೆ, ಆಫೀಸಿನಿಂದ ಬಂದ ಮೇಲೆ. ಸಂಜೆ ಆರಕ್ಕೆ ಹಾಕಿದ ನೀರು ಮರುದಿನ ಬಿಸಿಲು ಏರುವವರೆಗೆ, ಅಂದರೆ ಹದಿನಾಲ್ಕು ತಾಸು ಹಾಗೇ ಕುಂಡದಲ್ಲಿ ತಣ್ಣಗೆ ನಿಂತಿರುತ್ತದೆ. ಬೂಷ್ಟಿಗೆ ಅದಕ್ಕಿಂತ ಒಳ್ಳೆ ಜಾಗ ಬೇಕಾ?

ಹಾಗಾಗಿ ನೀರು ಬೆಳಿಗ್ಗೆ ಒಂಬತ್ತೂವರೆ, ಹತ್ತು ಗಂಟೆಗೆ. ಬಿಸಿಲು ಮಣ್ಣಿಗೆ ಬಿದ್ದ ಮೇಲೆ, ಎಲೆಯ ಮೇಲಿನ ಇಬ್ಬನಿ ಆರಿದ ಮೇಲೆ. ಕೆಲಸಕ್ಕೆ ಹೋಗುವವರಿಗೆ ಕಷ್ಟ ಅಂತ ಗೊತ್ತು. ಹೊರಡುವ ಮುಂಚೆ ಹಾಕಿ, ಪರವಾಗಿಲ್ಲ, ಸಂಜೆ ಮಾತ್ರ ಬೇಡ. ಟ್ಯಾಂಕಿನ ನೀರು ಬೆಳಿಗ್ಗೆ ಕೈ ಕೊರೆಯುವಷ್ಟು ತಣ್ಣಗಿರುತ್ತದೆ. ನಾನು ಹಿಂದಿನ ದಿನವೇ ಎರಡು ಬಕೆಟ್ ತುಂಬಿ ಬಿಸಿಲು ಬೀಳುವ ಕಡೆ ಇಡುತ್ತೇನೆ. ನಮ್ಮಲ್ಲಿ ನಲ್ಲಿ ನೀರು ದಿನಾ ಬರೋದಿಲ್ಲ, ಹೇಗೂ ತುಂಬಿಡಲೇಬೇಕು.

ಎಷ್ಟು ಹಾಕಬೇಕು ಅನ್ನೋದಕ್ಕೆ ಕಾಕಾ ಕಲಿಸಿದ್ದು ಬೆರಳಿನ ಪರೀಕ್ಷೆ. ತೋರುಬೆರಳನ್ನು ಎರಡು ಗೆಣ್ಣಿನ ತನಕ ಮಣ್ಣಲ್ಲಿ ಇಳಿಸಿ. ತುದಿಗೆ ತಂಪು ತಾಗಿದರೆ ಅವತ್ತು ನೀರು ಬೇಡ. ಮೇಲಿನ ಮಣ್ಣು ನೋಡಿ ತೀರ್ಮಾನ ಮಾಡಬೇಡಿ. ಈ ಕಾಲದ ಮೂಡಗಾಳಿ ಒಣಗಾಳಿ, ಮೇಲಿನ ಒಂದು ಇಂಚು ಮಣ್ಣನ್ನು ಪುಡಿ ಪುಡಿ ಮಾಡಿಬಿಡುತ್ತದೆ. ಕೆಳಗೆ ಹಸಿ ಹಾಗೇ ಇರುತ್ತದೆ. ಆ ಗಾಳಿಗೆ ಮಣ್ಣಿನ ಮೇಲೆ ಶೇಂಗಾ ಸಿಪ್ಪೆ ಹರಡಿದರೆ ಸಾಕು. ಕಾಂಡಕ್ಕೆ ತಾಗದ ಹಾಗೆ, ಸುತ್ತ ಮೂರು ಬೆರಳು ಜಾಗ ಬಿಟ್ಟು.

ಮಣ್ಣಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಮೊದಲ ವರ್ಷ ನಾನು ಅಣ್ಣಿಗೇರಿಯ ನಮ್ಮವರ ಹೊಲದಿಂದ ಎರಡು ಚೀಲ ಎರೆಮಣ್ಣು ತರಿಸಿದ್ದೆ. ಜೋಳ, ಕಡಲೆ ಬಂಗಾರದ ಹಾಗೆ ಬೆಳೆಯುವ ಮಣ್ಣು, ಟೊಮ್ಯಾಟೊಗೂ ಆಗುತ್ತದೆ ಅಂದುಕೊಂಡೆ. ಹೊಲದಲ್ಲಿ ಆ ಮಣ್ಣಿಗೆ ಆಳ ಇದೆ, ತಿಂಗಳುಗಟ್ಟಲೆ ತೇವ ಹಿಡಿದು ಬೆಳೆ ಕಾಯುತ್ತದೆ. ಕುಂಡದಲ್ಲಿ ಅದೇ ಗುಣ ಉರುಳಾಯಿತು. ನೀರು ಹಾಕಿದರೆ ಅಂಟು ಮುದ್ದೆ, ಒಣಗಿದರೆ ಬಿರುಕು. ಆರು ಟೊಮ್ಯಾಟೊ ಸಸಿಗಳಲ್ಲಿ ಐದು ಹೋದವು. ಕಿತ್ತು ನೋಡಿದರೆ ಬೇರು ಕಂದಾಗಿ, ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಸುಲಿದು ಕೈಗೆ ಬಂತು, ಒಳಗಿನ ದಾರ ಮಾತ್ರ ಉಳಿಯಿತು. ಆ ವಾಸನೆ ಇನ್ನೂ ನೆನಪಿದೆ. ಈಗ ಎರಡು ಪಾಲು ಮಸಾರಿ ಮಣ್ಣು, ಅಂದರೆ ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಮರಳು. ಮೇಲೆ ಕುಂಡಕ್ಕೊಂದು ಮುಷ್ಟಿ ಬೇವಿನ ಹಿಂಡಿ. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಒಡೆಯಬೇಕು.

ಇನ್ನು ಬಿಸಿಲು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ ಅಲ್ವಾ, ಮಾಳಿಗೆಯ ಮೇಲೆ ಕುಂಡ ಇಟ್ಟವರು ಇದನ್ನು ಗಮನಿಸೋದಿಲ್ಲ. ದಕ್ಷಿಣದ ಕಡೆ ಮೂರು ಅಡಿ ಗೋಡೆ ಇದ್ದರೆ ಡಿಸೆಂಬರಿನಲ್ಲಿ ನಡುಮಧ್ಯಾಹ್ನವೂ ಅದರ ನೆರಳು ಎರಡು ಅಡಿಗಿಂತ ಜಾಸ್ತಿ ಬೀಳುತ್ತದೆ. ಗೋಡೆಗೆ ಒತ್ತಿ ಇಟ್ಟ ಕುಂಡಕ್ಕೆ ದಿನವಿಡೀ ಬಿಸಿಲೇ ಇಲ್ಲ. ದೀಪಾವಳಿ ಆದ ಮೇಲೆ ಕುಂಡಗಳನ್ನು ಉತ್ತರದ ಗೋಡೆಯ ಕಡೆ ಸರಿಸಿ. ನನ್ನ ಮೂಲಂಗಿ ಒಂದು ವರ್ಷ ಬರೀ ಸೊಪ್ಪಾಗಿ ಗಡ್ಡೆಯೇ ಕಟ್ಟದೇ ಹೋದದ್ದು ಇದಕ್ಕೇ.

ಬಿತ್ತೋದು ಏನು? ಸೊಪ್ಪಿಗೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಮೆಂತ್ಯ ಮೊದಲು, ನಾಲ್ಕೈದು ದಿನಕ್ಕೆ ಮೊಳಕೆ, ತಿಂಗಳೊಳಗೆ ಪಲ್ಯ. ಸಬ್ಬಸಿಗೆ, ರಾಜಗಿರಿ, ಮೂಲಂಗಿ, ಉಳ್ಳಾಗಡ್ಡಿ ಎಲ್ಲ ಬರುತ್ತವೆ. ರಾಜಗಿರಿ ಮಾತ್ರ ಬಿಸಿಲಿನ ಗಿಡ, ಸ್ವಲ್ಪ ತಡ ಮಾಡುತ್ತದೆ. ಗಜ್ಜರಿಯನ್ನು ನೇರವಾಗಿ ಮಡಿಯಲ್ಲೇ ಬಿತ್ತಿ. ಸಸಿ ಮಾಡಿ ಕಿತ್ತು ನೆಟ್ಟರೆ ಬೇರು ಕವಲೊಡೆದು ಗಡ್ಡೆ ವಕ್ರವಾಗುತ್ತದೆ. ಅದರ ಮೊಳಕೆಗೆ ಎರಡು ವಾರ ಕಾಯಬೇಕು, ಅಷ್ಟರಲ್ಲಿ ಬೀಜ ಕೆಟ್ಟಿತು ಅಂತ ಮಡಿ ಕೆದಕಬೇಡಿ.

ಕೊತ್ತಂಬರಿ ಹುಟ್ಟೋದಿಲ್ಲ ಅನ್ನೋ ದೂರು ಪ್ರತಿ ವರ್ಷ ಕೇಳುತ್ತೇನೆ. ಹವೀಜದ ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತವೆ. ಇಡಿಯಾಗಿ ಬಿತ್ತಿದರೆ ಮೊಳಕೆ ಒಡೆಯೋದು ತಡ. ಚಪ್ಪಲಿಯಲ್ಲಿ ತುಳಿದು ಒಡೆಯುವವರಿದ್ದಾರೆ, ನನಗೆ ಅದು ಸರಿ ಕಾಣೋದಿಲ್ಲ. ಒಂದು ಬಟ್ಟೆಯ ಮೇಲೆ ಹರಡಿ, ಲಟ್ಟಣಿಗೆಯನ್ನು ಹಗುರಾಗಿ ಉರುಳಿಸಿ. ಚಟ್ ಚಟ್ ಅಂತ ಎರಡು ಹೋಳಾಗುತ್ತವೆ. ಜೋರಾಗಿ ಒತ್ತಿದರೆ ಒಳಗಿನ ಬೀಜವೇ ನುಚ್ಚಾಗುತ್ತದೆ. ಒಂದು ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡಿ. ಆಮೇಲೆ ಬಿತ್ತಿ, ಅರ್ಧ ಇಂಚು ಮಣ್ಣು ಮುಚ್ಚಿ. ಎಂಟು ಹತ್ತು ದಿನಕ್ಕೆ ಹಸಿರು ಕಾಣುತ್ತದೆ.

ಹೀರೆ, ಹಾಗಲ, ಬೆಂಡೆ ಈಗ ಬೇಡ. ಅವು ತಣ್ಣನೆ ಮಣ್ಣಲ್ಲಿ ಕೊಳೆಯುತ್ತವೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗಲಿ, ಆಗ ಬಿತ್ತಿ.

ಸೇವಂತಿಗೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಎರಡು ವರ್ಷದ ಹಿಂದೆ ವೈನಿ ಕೊಟ್ಟ ಹಳದಿ ಸೇವಂತಿಗೆಯ ಸಸಿಗಳನ್ನು ಐದು ಕುಂಡದಲ್ಲಿ ಬೆಳೆಸಿ, ಬಂದವರ ಕಣ್ಣಿಗೆ ಬೀಳಲಿ ಅಂತ ಗೇಟಿನ ಹತ್ತಿರ ಸಾಲಾಗಿ ಇಟ್ಟಿದ್ದೆ. ಅವರ ಮನೆಯಲ್ಲಿ ನವೆಂಬರ್ ಕೊನೆಗೆ ಹೂವೋ ಹೂವು. ನನ್ನವು ಹಸಿರಾಗಿ, ದಪ್ಪವಾಗಿ ಬೆಳೆದು ನಿಂತಿದ್ದವು, ಒಂದು ಮೊಗ್ಗಿಲ್ಲ. ಗೊಬ್ಬರ ಜಾಸ್ತಿ ಆಯಿತಾ ಅಂತ ನಿಲ್ಲಿಸಿದೆ. ನೀರು ಕಡಿಮೆ ಮಾಡಿದೆ. ಏನೂ ಆಗಲಿಲ್ಲ. ಒಂದು ರಾತ್ರಿ ಗೇಟಿಗೆ ಬೀಗ ಹಾಕಲು ಹೋದಾಗ ವೈನಿ ಅಲ್ಲೇ ಇದ್ದರು. ಕುಂಡದ ಮೇಲೆ ಬಿದ್ದ ಬೀದಿದೀಪದ ಬೆಳಕು ನೋಡಿ, "ಅಯ್ಯ, ಇವಕ್ಕ ರಾತ್ರೀನ ಆಗವಲ್ದಲ್ರೀ!" ಅಂದರು. ಮಾತು ಸರಿಯಾಗಿತ್ತು. ಸೇವಂತಿಗೆ ಮೊಗ್ಗು ಕಟ್ಟೋದು ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದಾಗ. ಆ ರಾತ್ರಿ ಪೂರ್ತಿ ಕತ್ತಲೆಯಾಗಿರಬೇಕು. ಮೂರು ಕುಂಡ ಎತ್ತಿ ಹಿತ್ತಲಿಗೆ ಸಾಗಿಸಿದೆ. ತಿಂಗಳೊಳಗೆ ಆ ಮೂರರಲ್ಲಿ ಸಾಸಿವೆ ಕಾಳಿನಷ್ಟು ಮೊಗ್ಗು ಕಂಡವು, ಜನವರಿ ಕೊನೆಗೆ ಅರಳಿದವು. ಗೇಟಿನ ಹತ್ತಿರ ಉಳಿದ ಎರಡು ಬರೀ ಎಲೆ. ಹಾಗಾಗಿ ಸೆಪ್ಟೆಂಬರಿನಿಂದಲೇ ಸೇವಂತಿಗೆಯನ್ನು ರಾತ್ರಿ ದೀಪ ಬೀಳದ ಕಡೆ ಇಡಿ. ವರಾಂಡದ ಬಲ್ಬೂ ಬೇಡ.

ಎಲೆ ಬಣ್ಣ ಬದಲಾದರೆ ಗಾಬರಿ ಆಗಬೇಡಿ. ಹೋದ ಜನವರಿಯಲ್ಲಿ ವೈನಿ ಪೇಪರಿನಲ್ಲಿ ಸುತ್ತಿ ಒಂದು ಟೊಮ್ಯಾಟೊ ಎಲೆ ತಂದರು, ಹಿಂಬದಿ ಪೂರಾ ನೇರಳೆ. ಯಾವ ರೋಗ ಅಂತ ಔಷಧ ಹುಡುಕುತ್ತಿದ್ದರು. ಅದು ರೋಗ ಅಲ್ಲ. ಮಣ್ಣು ತಣ್ಣಗಿದ್ದಾಗ ಬೇರಿಗೆ ರಂಜಕ (ಫಾಸ್ಫರಸ್) ಅನ್ನೋ ಪೋಷಕಾಂಶ ಎಳೆಯಲು ಆಗೋದಿಲ್ಲ, ಅದಕ್ಕೆ ಆ ಬಣ್ಣ. ಬಿಸಿಲು ಚೆನ್ನಾಗಿ ಬೀಳುವ ಕಡೆ ಸರಿಸಿದರು, ಬೆಚ್ಚಗಿನ ದಿನ ಬಂದಂತೆ ಹೊಸ ಎಲೆ ಹಸಿರಾಗಿಯೇ ಬಂತು. ಕರಿಬೇವು ಈಗ ಚಿಗುರೋದಿಲ್ಲ, ದಾಸವಾಳ ಎಲೆ ಉದುರಿಸುತ್ತದೆ. ಅವಕ್ಕೆ ಗೊಬ್ಬರ ಹಾಕಿ ಎಬ್ಬಿಸಬೇಡಿ, ಮಲಗಲಿ ಬಿಡಿ. ತುಳಸಿ ಮಾತ್ರ ಚಳಿಗೆ ನಿಜವಾಗಿ ನರಳುತ್ತದೆ, ಎಲೆ ಕಪ್ಪಾಗುತ್ತದೆ. ತೆನೆ ಚಿವುಟಿ, ರಾತ್ರಿ ನಾಲ್ಕು ಕಡ್ಡಿ ಊರಿ ಹಳೆ ಧೋತರ ಹೊದಿಸಿ, ಬೆಳಿಗ್ಗೆ ತೆಗೆಯಿರಿ.

ನಿಜವಾದ ಕಾಟ ಎರಡು. ಅವರೆಯ ಕುಡಿಗೆ, ಸೇವಂತಿಗೆಯ ಮೊಗ್ಗಿಗೆ ಕಪ್ಪು ಹೇನು ಮುತ್ತುತ್ತದೆ. ಇರುವೆ ಸಾಲುಗಟ್ಟಿ ಗಿಡ ಹತ್ತುತ್ತಿದ್ದರೆ ಮೇಲೆ ಹೇನು ಇದೆ ಅಂತಲೇ ಅರ್ಥ. ಮೊದಲು ನೀರಿನ ಪೈಪಿನಿಂದ ರಭಸವಾಗಿ ತೊಳೆಯಿರಿ, ಬಿಸಿಲೇರುವ ಮುಂಚೆ, ಎಂಟೂವರೆ ಹೊತ್ತಿಗೆ. ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಬೆರೆಯಲು ನಾಲ್ಕು ಹನಿ ಸೋಪಿನ ನೀರು, ಎಲೆಯ ಹಿಂಬದಿಗೆ ಸಿಂಪಡಿಸಿ. ಇನ್ನೊಂದು ಬೂದಿ ರೋಗ. ಗುಲಾಬಿ, ಬಟಾಣಿ ಎಲೆಯ ಮೇಲೆ ಹಿಟ್ಟು ಉದುರಿದ ಹಾಗೆ ಕಾಣುತ್ತದೆ. ಆ ಎಲೆಗಳನ್ನು ಕಿತ್ತು ದೂರ ಹಾಕಿ, ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು ಬೆರೆಸಿ ಬಿಸಿಲಿರುವಾಗ ಸಿಂಪಡಿಸಿ, ವಾರಕ್ಕೊಮ್ಮೆ. ಶುರುವಿನಲ್ಲೇ ಹಿಡಿದರೆ ಇದರಲ್ಲೇ ನಿಲ್ಲುತ್ತದೆ.

ಕೊನೆಗೆ ದುಂಡುಮಲ್ಲಿಗೆ. ಇದಕ್ಕೆ ಈ ಚಳಿಯೇ ವಿಶ್ರಾಂತಿ. ಡಿಸೆಂಬರ್ ಪೂರ್ತಿ ನೀರು ಕಡಿಮೆ ಮಾಡುತ್ತಾ ಬನ್ನಿ, ಎಲೆ ಬಾಡಿ ಉದುರಲಿ. ಸಂಕ್ರಾಂತಿ ಮುಗಿದ ವಾರ ಹರಿತವಾದ ಕತ್ತರಿ ತೆಗೆದುಕೊಂಡು ಗಿಡವನ್ನು ಮೊಣಕಾಲೆತ್ತರಕ್ಕಿಂತ ಸ್ವಲ್ಪ ಕೆಳಗೆ ಸವರಿ. ಒಣ ಕಡ್ಡಿ, ಒಳಗೆ ಬೆಳೆದ ಸಣ್ಣ ಕಡ್ಡಿ ಎಲ್ಲ ತೆಗೆಯಿರಿ. ಮೊದಲ ಸಲ ಸವರಿದಾಗ ನನ್ನ ಕೈ ನಡುಗಿತ್ತು, ಅಷ್ಟು ದೊಡ್ಡ ಗಿಡ ಬೋಳಾಗಿ ನಿಂತದ್ದು ನೋಡಲಾಗಲಿಲ್ಲ. ಕಾಕಾ ಗೋಡೆಯ ಆಚೆಯಿಂದ, "ಇನ್ನೂ ಒಂದ್ ಗೇಣು ತಗಿ, ಹೆದರಬ್ಯಾಡ" ಅಂದರು. ತೆಗೆದೆ. ಬುಡ ಬಿಡಿಸಿ ಎರಡು ಬೊಗಸೆ ತಿಪ್ಪೆಗೊಬ್ಬರ, ಒಂದು ಮುಷ್ಟಿ ಬೇವಿನ ಹಿಂಡಿ ಹಾಕಿ, ಅವತ್ತು ಬುಡ ತುಂಬ ನೀರು ಕೊಡಬೇಕು. ಮಾರ್ಚಿಗೆ ಮೊಗ್ಗು. ಸವರಿದ ಕಡ್ಡಿಗಳಲ್ಲಿ ಪೆನ್ಸಿಲ್ ದಪ್ಪದ್ದನ್ನು ಆರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿರಿ. ಮರುದಿನ ಏಳು ಗಂಟೆಗೆ ಗೋಡೆಯ ಆಚೆಯಿಂದ ಯಾರಾದರೂ ಕೇಳುತ್ತಾರೆ.