ಸೈಡ್‌ವಾಲ್ ಉಬ್ಬಿದರೆ: ಕ್ಲೇಮ್ ಹಾಕುವ ಮುಂಚೆ ಟೈರಿನ ಒಳಗೆ ನೋಡಿ

ಸೈಡ್‌ವಾಲಿನಲ್ಲಿ, ಅಂದರೆ ಪಕ್ಕದ ಗೋಡೆಯಲ್ಲಿ, ಗುಳ್ಳೆ ಎದ್ದ ಟೈರಿನ ಕೆಲಸ ಅಲ್ಲಿಗೆ ಮುಗಿದಂತೆ. ರಬ್ಬರಿನೊಳಗೆ ಒಂದು ಬೀಡಿನಿಂದ (ರಿಮ್ಮಿಗೆ ಕೂರುವ ಟೈರಿನ ಅಂಚು) ಇನ್ನೊಂದು ಬೀಡಿಗೆ ಹಾದುಹೋಗುವ ಪಾಲಿಯೆಸ್ಟರ್ ಅಥವಾ ರೇಯಾನ್ ಎಳೆಗಳು ಗಾಳಿಯ ಒತ್ತಡ ಹೊರುತ್ತವೆ. ಗುಳ್ಳೆ ಕಂಡ ಕಡೆ ಸಾಮಾನ್ಯವಾಗಿ ಅವು ತುಂಡಾಗಿರುತ್ತವೆ. ಬರೀ ರಬ್ಬರು ಒತ್ತಡ ತಡೆಯುತ್ತಿರುತ್ತದೆ. ಪಂಕ್ಚರ್ ರಿಪೇರಿ ಏನಿದ್ದರೂ ಟ್ರೆಡ್ಡಿನ (ರಸ್ತೆಗೆ ತಾಗುವ ಪಟ್ಟಿ) ನಡುಭಾಗಕ್ಕೆ, ಅದೂ ಸುಮಾರು 6 ಮಿ.ಮೀ. ವರೆಗಿನ ತೂತಿಗೆ. ಸೈಡ್‌ವಾಲಿಗೂ ಪ್ಯಾಚ್ ಹಾಕಿಕೊಡುತ್ತೇವೆ ಎನ್ನುವವರಿಂದ ದೂರವಿರಿ. ಸ್ಟೆಪ್ನಿ ಹಾಕಿ, ಆಮೇಲೆ ವಾರಂಟಿಯ ಮಾತು.

ಆದರೆ ಒಳಕ್ಕೆ ಕುಸಿದಂತೆ ಕಾಣುವ, ಬೀಡಿನಿಂದ ಟ್ರೆಡ್ಡಿನ ಕಡೆಗೆ ನೇರವಾಗಿ ಸಾಗುವ ಸಣ್ಣ ತಗ್ಗು ದೋಷವಲ್ಲ. ಎಳೆಗಳ ಪದರದ ಎರಡು ತುದಿಗಳು ಒಂದರ ಮೇಲೊಂದು ಕೂತ ಜಾಗ ಅದು. ಅಲ್ಲಿ ಎಳೆ ದುಪ್ಪಟ್ಟಿರುವುದರಿಂದ ಹಿಗ್ಗುವುದು ಕಡಿಮೆ. ಬೆರಳಾಡಿಸಿ ನೋಡಿ: ಹೊರಕ್ಕೆ ಉಬ್ಬಿದ್ದರೆ ಅಪಾಯ, ಒಳಕ್ಕೆ ತಗ್ಗಿದ್ದರೆ ಚಿಂತೆಯಿಲ್ಲ.

ವೇಗದ ಕಾರುಗಳಿಗೆ ಹಾಕುವ ಪರ್ಫಾರ್ಮೆನ್ಸ್ ಟೈರುಗಳಲ್ಲಿ ಗುಳ್ಳೆಯ ತೊಂದರೆ ಹೆಚ್ಚಲು ಕಾರಣ ಅಳತೆಯಲ್ಲೇ ಇದೆ. ಅದರಲ್ಲಿ ಮೊದಲ ಸಂಖ್ಯೆ ಮಿ.ಮೀ. ಲೆಕ್ಕದ ಅಗಲ, ಎರಡನೆಯದು ಸೈಡ್‌ವಾಲ್ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. 195/65 ಆರ್15 ಟೈರಿನ ಸೈಡ್‌ವಾಲ್ ಎತ್ತರ ಸುಮಾರು 127 ಮಿ.ಮೀ.; 225/40 ಆರ್18 ಟೈರಿನದು 90 ಮಿ.ಮೀ. ಗುಂಡಿಯ ಅಂಚಿಗೆ ಬಡಿದಾಗ ಮಡಚಿಕೊಳ್ಳಲು ಅಷ್ಟು ಕಡಿಮೆ ಜಾಗ. ಸೈಡ್‌ವಾಲ್ ಪೂರ್ತಿ ಮಡಚಿ, ರಿಮ್ಮಿನ ಅಂಚಿಗೂ ರಸ್ತೆಗೂ ನಡುವೆ ಸಿಕ್ಕಿ ಎಳೆಗಳು ತುಂಡಾಗುತ್ತವೆ. ಹೊರಗಿನ ರಬ್ಬರು ಹರಿಯದೇ ಇರಬಹುದು, ರಿಮ್ಮೂ ಬಾಗದೇ ಇರಬಹುದು. ಗುಳ್ಳೆ ಅಂದೇ ಏಳಬೇಕೆಂದೂ ಇಲ್ಲ. ಅಕ್ಕಪಕ್ಕದ ಎಳೆಗಳು ದಣಿದು ಹರಿಯುತ್ತಾ ಹೋಗಿ ವಾರಗಳ ನಂತರ ಕಾಣಿಸಿಕೊಳ್ಳಬಹುದು. “ಎಲ್ಲೂ ಗುಂಡಿಗೆ ಬಿದ್ದಿಲ್ಲ, ಇದು ಕಂಪನಿಯದ್ದೇ ತಪ್ಪು” ಎಂದು ಮಾಲೀಕರು ಪ್ರಾಮಾಣಿಕವಾಗಿಯೇ ಹೇಳುವುದು, ಕ್ಲೇಮ್ ತಿರಸ್ಕಾರವಾಗುವುದು, ಎರಡೂ ಇಲ್ಲಿಂದಲೇ ಶುರು.

ಗಾಳಿ ಇಳಿಸುವ ಮುಂಚೆ ಮಾಡಬೇಕಾದ ಕೆಲಸಗಳಿವೆ. ಕಾರು ಕನಿಷ್ಠ 3 ಗಂಟೆ ನಿಂತ ಮೇಲೆ ನಾಲ್ಕೂ ಟೈರುಗಳ ಒತ್ತಡ ಅಳೆದು ಗೇಜಿನ ಫೋಟೋ ತೆಗೆಯಿರಿ. ಗುಳ್ಳೆಯ ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿ, ಪಕ್ಕದಲ್ಲಿ ಸ್ಕೇಲ್ ಹಿಡಿದು ಎರಡು ಕೋನಗಳಿಂದ ಫೋಟೋ ತೆಗೆಯಿರಿ. ಎಳೆ ತುಂಡಾಗಿ ಎದ್ದ ಉಬ್ಬು ಗಾಳಿ ಹೋದ ಮೇಲೆ ಕಾಣದಂತಾಗುತ್ತದೆ. ಸೈಡ್‌ವಾಲಿನ ಮೇಲೆ DOT ಎಂಬ ಅಕ್ಷರಗಳಿಂದ ಶುರುವಾಗುವ ಡಾಟ್ ಸಂಕೇತ ಪೂರ್ತಿ ಬರೆದುಕೊಳ್ಳಿ. ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2321 ಎಂದರೆ 2021ರ 23ನೇ ವಾರ. ಪೂರ್ತಿ ಸಂಕೇತ ಕೆಲವೊಮ್ಮೆ ಕಾರಿನ ಒಳಬದಿಗೆ ಬರುವ ಮಗ್ಗುಲಲ್ಲಿ ಮಾತ್ರ ಇರುತ್ತದೆ. ಟ್ರೆಡ್ ಆಳವನ್ನು ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ಅಳೆಯಿರಿ.

ಆಮೇಲೆ ಟೈರನ್ನು ರಿಮ್ಮಿನಿಂದ ಬಿಚ್ಚಿಸಿ, ನೀವೂ ಪಕ್ಕದಲ್ಲೇ ನಿಲ್ಲಿ. ಬಿಚ್ಚುವಾಗ ಬೀಡು ಹರಿದರೆ ಹಳೆಯ ಹಾನಿಗೂ ಹೊಸದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ಒಳಪದರ ನೋಡಿ. ಕ್ಲೇಮಿನ ತೀರ್ಪು ಬಹುಪಾಲು ಇಲ್ಲೇ ಬರೆದಿರುತ್ತದೆ.

ಒಂದೇ ನೇರದಲ್ಲಿ ಎರಡು ಜಜ್ಜಿದ ಗುರುತುಗಳು, ಒಂದು ಟ್ರೆಡ್ಡಿನ ಭುಜದ (ಟ್ರೆಡ್ಡು ಸೈಡ್‌ವಾಲಿಗೆ ಸೇರುವ ಅಂಚು) ಹತ್ತಿರ, ಇನ್ನೊಂದು ಬೀಡಿನ ಹತ್ತಿರ: ಇದು ಬಡಿತದ ಹಾನಿ. ಒಳಪದರದಲ್ಲಿ ಸಣ್ಣ ಸೀಳು, ಅದರೊಳಗೆ ತುಂಡಾದ ಎಳೆಗಳ ತುದಿ ಕಾಣುವುದೂ ಉಂಟು. ಅದೇ ನೇರದಲ್ಲಿ ರಿಮ್ಮಿನ ಒಳ ಅಂಚು ಬಾಗಿದೆಯೇ ನೋಡಿ. ಹೊರಗಿನಿಂದ ನೋಡಿದರೆ ಅದು ಕಾಣದು.

ಸೈಡ್‌ವಾಲಿನ ಒಳಗೆ ಸುತ್ತಲೂ ಉಂಗುರದಂತೆ ಸವೆತ, ಸುಕ್ಕು, ಕೆಳಗೆ ಉದುರಿದ ಕಪ್ಪು ರಬ್ಬರ್ ಪುಡಿ ಇದ್ದರೆ ಗಾಳಿ ಕಡಿಮೆಯಿದ್ದಾಗ ಓಡಿಸಿದ ಹಾನಿ. ರನ್‌ಫ್ಲಾಟ್ ಟೈರಿಗೂ ಇದು ತಪ್ಪಿದ್ದಲ್ಲ. ಗಾಳಿಯಿಲ್ಲದೆ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ವೇಗದಲ್ಲಿ 80 ಕಿ.ಮೀ. ಹೋಗಲು ಬಿಡುತ್ತಾರೆ, ಹಾಗೆ ಓಡಿದ ಮೇಲೆ ಅದನ್ನು ಮತ್ತೆ ಬಳಸಬಹುದೆಂದಲ್ಲ.

ಬೀಡಿನ ತುದಿ ಕಿತ್ತಿದ್ದರೆ ಅಥವಾ ಒಳಪದರ ಗೀರಿದ್ದರೆ ಅನುಮಾನ ಫಿಟ್ಟಿಂಗ್ ಯಂತ್ರದ ಮೇಲೆ. ಗಡಸು ಸೈಡ್‌ವಾಲಿನ ಟೈರನ್ನು ಲೂಬ್ರಿಕೆಂಟ್ ಸವರದೆ, ಬೀಡನ್ನು ರಿಮ್ಮಿನ ನಡುವಿನ ತಗ್ಗಿಗೆ ಒತ್ತದೆ ಎಳೆದರೆ ಹೀಗಾಗುತ್ತದೆ. ಆ ಕಡೆಯಿಂದ ಗಾಳಿ ಪದರಗಳ ನಡುವೆ ನುಸುಳಿ, ಎಳೆ ತುಂಡಾಗದೆಯೂ ಗುಳ್ಳೆ ಏಳಬಹುದು. ಈ ಕ್ಲೇಮ್ ಟೈರ್ ಕಂಪನಿಗೆ ಹೋಗಬಾರದು, ಟೈರ್ ಹಾಕಿದ ಅಂಗಡಿಗೆ ಹೋಗಬೇಕು. ಕಂಪನಿಗೆ ಬರೆದು ತಿಂಗಳು ಕಳೆಯುವವರು ಇಲ್ಲೇ ಎಡವುತ್ತಾರೆ.

ಇವು ಯಾವುವೂ ಇಲ್ಲದೆ ಒಳಪದರ ಶುಭ್ರವಾಗಿದ್ದು, ಪದರದ ಜೋಡಣೆ ಬಾಯಿ ಬಿಟ್ಟಿದ್ದರೆ ಅಥವಾ ಎಳೆಗಳ ನಡುವಿನ ಅಂತರ ಒಂದೆಡೆ ಹೆಚ್ಚಿದ್ದರೆ ತಯಾರಿಕೆಯ ದೋಷ ಎಂದು ವಾದಿಸಲು ಬಲವಿದೆ. ಟೈರ್ ವಾರಂಟಿ ಮೂಲತಃ ಒಪ್ಪಿಕೊಳ್ಳುವುದು ತಯಾರಿಕೆ ಮತ್ತು ಸಾಮಗ್ರಿಯ ದೋಷವನ್ನು ಮಾತ್ರ. ಬಡಿತ, ತಪ್ಪು ಒತ್ತಡ, ತಪ್ಪು ಅಳತೆ, ರೇಸ್ ಟ್ರ್ಯಾಕಿನ ಬಳಕೆ ಸಾಮಾನ್ಯವಾಗಿ ಹೊರಗೆ. ಬಡಿತದ ಗುರುತು ಸ್ಪಷ್ಟವಿದ್ದರೆ ವಾರಂಟಿಗಾಗಿ ಗುದ್ದಾಡುವುದು ಸಮಯ ಹಾಳು. ಟೈರ್ ಕೊಂಡಾಗ ರಸ್ತೆ ಹಾನಿಯ ರಕ್ಷಣೆ ಅಥವಾ ವಿಮೆಯ ಟೈರ್ ಕವರ್ ಪಡೆದಿದ್ದೀರಾ ಎಂದು ಕಾಗದ ಹುಡುಕುವುದು ಮೇಲು.

ಕ್ಲೇಮ್ ಹಾಕುವಾಗ ಬಿಲ್, ಫೋಟೋಗಳು, ಅಲೈನ್‌ಮೆಂಟ್ ವರದಿ, ಕಿಲೋಮೀಟರ್ ರೀಡಿಂಗ್ ಒಟ್ಟಿಗೆ ಕೊಡಿ. ಟೈರನ್ನು ಒಪ್ಪಿಸುವಾಗ ಡಾಟ್ ಸಂಕೇತ ನಮೂದಿಸಿದ ರಸೀದಿ ಪಡೆಯಿರಿ. ತಿರಸ್ಕಾರವಾದರೆ ಟೈರು ವಾಪಸ್ ಬೇಕು ಎಂದು ಆಗಲೇ ಬರೆದುಕೊಡಿ. ಟೈರು ಕೈತಪ್ಪಿದರೆ ಬೇರೆ ತಜ್ಞರಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ತಿರಸ್ಕಾರವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ಲಿಖಿತ ತಾಂತ್ರಿಕ ವರದಿ ಕೇಳಿ. ಬಡಿತ ಎಂದು ಬರೆದಿದ್ದರೆ ಗುರುತು ಯಾವ ಜಾಗದಲ್ಲಿದೆ ಎಂದು ಫೋಟೋದಲ್ಲಿ ತೋರಿಸಲಿ. ಕಡಿಮೆ ಗಾಳಿ ಎಂದು ಬರೆದಿದ್ದರೆ ಉಂಗುರದ ಸವೆತ ಎಲ್ಲಿ ಎಂದು ಕೇಳಿ: ಗಾಳಿ ಕಡಿಮೆಯಾದರೆ ಸುತ್ತಲೂ ಪೆಟ್ಟಾಗಬೇಕು, ಒಂದೇ ಕಡೆ ಗುಳ್ಳೆ ಎದ್ದು ಉಳಿದದ್ದೆಲ್ಲ ನಯವಾಗಿದ್ದರೆ ಆ ಕಾರಣ ಹೊಂದುವುದಿಲ್ಲ. ತಪ್ಪು ಅಳತೆ ಎಂಬ ಆಕ್ಷೇಪಕ್ಕೆ ಮಾತ್ರ ಎಚ್ಚರ. 225/40 ಆರ್18ಕ್ಕೆ 7.5ರಿಂದ 9 ಇಂಚಿನ ರಿಮ್ ಒಪ್ಪಿತ. ಹತ್ತು ಇಂಚಿಗೆ ಎಳೆದು ಕೂರಿಸಿದ್ದರೆ ವಾದ ಅಲ್ಲಿಗೇ ನಿಲ್ಲುತ್ತದೆ. ಅದೇ ಅಳತೆಯಲ್ಲಿ ಲೋಡ್ ಇಂಡೆಕ್ಸ್ (ಒಂದು ಟೈರು ಹೊರಬಲ್ಲ ಭಾರದ ಸಂಕೇತ) 88 ಎಂದರೆ 560 ಕೆ.ಜಿ., 92 ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ ಬಗೆ) ಎಂದರೆ 630 ಕೆ.ಜಿ. ಕಾರು 92 ಕೇಳುತ್ತಿದ್ದಾಗ 88 ಹಾಕಿದ್ದರೆ ತಪ್ಪು ನಿಮ್ಮ ಕಡೆಯದು.

ಒಪ್ಪಿದರೂ ಹೊಸ ಟೈರು ಪುಕ್ಕಟೆ ಸಿಗುವುದು ವಿರಳ, ಸವೆತದ ಪಾಲು ಕಳೆಯುತ್ತಾರೆ. ಹೊಸದರಲ್ಲಿ ಟ್ರೆಡ್ 8 ಮಿ.ಮೀ. ಆಳ, ಸವೆತದ ಮಿತಿ 1.6 ಮಿ.ಮೀ. ಎಂದರೆ ಬಳಸಬಹುದಾದದ್ದು 6.4. ಈಗ 4.8 ಉಳಿದಿದ್ದರೆ 3.2 ಸವೆದಿದೆ, ಅಂದರೆ ಅರ್ಧ ಬೆಲೆ ನಿಮ್ಮದು. ಒಟ್ಟು 8ರ ಮೇಲೆ ಲೆಕ್ಕ ಹಾಕಿದರೆ ನಿಮ್ಮ ಪಾಲು ಶೇ. 40ಕ್ಕೆ ಇಳಿಯುತ್ತದೆ. ಯಾವ ಸೂತ್ರ, ಯಾವ ಬೆಲೆಯ ಮೇಲೆ ಎಂದು ವಾರಂಟಿ ಪುಸ್ತಿಕೆಯಲ್ಲಿ ಓದಿಕೊಂಡೇ ಹೋಗಿ. ಫಿಟ್ಟಿಂಗ್, ಬ್ಯಾಲೆನ್ಸಿಂಗ್ ಖರ್ಚು ಹೆಚ್ಚಾಗಿ ನಿಮ್ಮದೇ.

ಬದಲಿ ಟೈರು ಬಂದಾಗ ಅಳತೆಯ ಜೊತೆ ಟೈರಿನ ಮೇಲಿರುವ ಕಾರು ಕಂಪನಿಯ ಗುರುತನ್ನೂ ಹೋಲಿಸಿ: ಬಿಎಂಡಬ್ಲ್ಯುಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ, ಆಡಿಗೆ ಎಒ, ಪೋರ್ಷೆಗೆ ಎನ್ ಮತ್ತು ಒಂದು ಅಂಕಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ಹಳೆಯ ಮೂರರ ಆಳಕ್ಕೂ ಹೊಸದಕ್ಕೂ ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂದು ಕಾರಿನ ಕೈಪಿಡಿಯಲ್ಲಿ ನೋಡಿ. ಕೆಲವಕ್ಕೆ ಒಂದೇ ಟೈರು ಬದಲಿಸುವಂತಿಲ್ಲ. ರಿಮ್ ಬಾಗಿದ್ದರೆ ಹೊಸ ಟೈರ್ ಹಾಕುವ ಮುಂಚೆಯೇ ಅದನ್ನು ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಬರಿದಾಗಿ ತಿರುಗಿಸಿ ನೋಡಿ.