ಒಂಟಿ ತಾಯಿ, ಅಕೌಂಟ್ಸ್ ಕೆಲಸ: ವೇಳೆ ಹೊಂದಿಸಿಕೊಂಡ ಬಗೆ

ಅಕೌಂಟ್ಸ್ ಕೆಲಸದಲ್ಲಿ ಒತ್ತಡ ಬೀಳುವ ದಿನಗಳು ಮೊದಲೇ ಗೊತ್ತಿರುತ್ತವೆ. ತಿಂಗಳ 7ಕ್ಕೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಂಡ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರದ ಜಿಎಸ್‌ಟಿ ರಿಟರ್ನ್), 15ಕ್ಕೆ ಪಿಎಫ್, 20ಕ್ಕೆ ಜಿಎಸ್‌ಟಿಆರ್-3ಬಿ (ಜಿಎಸ್‌ಟಿ ಕಟ್ಟುವ ತಿಂಗಳ ರಿಟರ್ನ್). ಮಗುವನ್ನು ಒಬ್ಬಳೇ ನೋಡಿಕೊಳ್ಳುವವಳಿಗೆ ಇದು ದೊಡ್ಡ ಅನುಕೂಲ. ಸಂದರ್ಶನದಲ್ಲಿ ಸಮಯದ ಮಾತನ್ನು ನಾನು ಈ ತಾರೀಖುಗಳ ಮೇಲೆಯೇ ಆಡಿದೆ: "ದಿನಾ 8.30ಕ್ಕೆ ಬರ್ತೀನಿ ಸರ್, 5ಕ್ಕೆ ಹೊರಡ್ತೀನಿ. 10 ಮತ್ತು 19ರ ರಾತ್ರಿ ಮಗು ಮಲಗಿದ ಮೇಲೆ ಮನೆಯಿಂದ ಎರಡು ಗಂಟೆ ಕೂತು ಮುಗಿಸಿಕೊಡ್ತೀನಿ." ಊಟದ ಅರ್ಧ ಗಂಟೆ ಕಳೆದರೂ ಪೂರ್ತಿ 8 ಗಂಟೆ ಆಗುತ್ತದೆ. ಇದನ್ನು ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಅರ್ಧ ದಿನದ ಕೆಲಸ ಅಂದುಕೊಂಡು ಸಂಬಳ ಇಳಿಸುತ್ತಾರೆ.

ಹೊರಡುವ ಹೊತ್ತನ್ನು ಡೇಕೇರ್ ಬಾಗಿಲು ಹಾಕುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ಬಾಗಿಲು ಹಾಕುವುದು 6.30ಕ್ಕೆ, ಬಸ್ಸಿಗೆ 50 ನಿಮಿಷ, ನಡಿಗೆಗೆ 10, ಮಳೆ ಬಂದರೆ ಬೇಕಾಗುವ 25. ಅಲ್ಲಿಗೆ ತಡ ಎಂದರೂ 5.05ಕ್ಕೆ ಆಫೀಸು ಬಿಡಬೇಕು. ದಾರಿಯ ಸಮಯವನ್ನು ಕೆಲಸದ ದಿನದ ಸಂಜೆಯೇ ಹೋಗಿ ಅಳೆಯಬೇಕು. ಬೆಂಗಳೂರಿನಲ್ಲಿ ಮಧ್ಯಾಹ್ನದ ಮ್ಯಾಪ್ ನಂಬುವಂತಿಲ್ಲ. ಶಕ್ತಿ ಯೋಜನೆಯಿಂದ ಉಳಿಯುವ ಬಸ್ ದುಡ್ಡನ್ನು ತಡವಾದ ದಿನದ ಆಟೋಗೆ ತೆಗೆದಿಡಿ.

ಸ್ಕೂಲಿಗೆ ಹೋಗುವ ಮಗುವಾದರೆ ಡೇಕೇರ್ ಮನೆ ಹತ್ತಿರವೇ ಇರಲಿ, ಅಕ್ಕಪಕ್ಕದವರು ಹೋಗಿ ಕರೆತರಬಹುದು. ಕೈಗೂಸಾದರೆ ಆಫೀಸಿನ ಹತ್ತಿರ. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಬರಬಹುದು ಎಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೇಳಿತು. ಎಚ್‌ಆರ್ ಹತ್ತಿರ ಕೇಳಲು ಸಂಕೋಚ ಬೇಡ.

ಬಾಯಿಮಾತಿನ ಒಪ್ಪಿಗೆ ಮ್ಯಾನೇಜರ್ ಬದಲಾದ ದಿನವೇ ಮುಗಿಯುತ್ತದೆ. ಆಫರ್ ಲೆಟರ್‌ನಲ್ಲಿ ವೇಳೆ ಬರೆಸಿಕೊಳ್ಳಿ. ಒಪ್ಪದಿದ್ದರೆ, ಮಾತಾಡಿದ್ದನ್ನೆಲ್ಲ ಮೇಲ್ ಮಾಡಿ "ಸರಿ" ಎಂಬ ಉತ್ತರ ತರಿಸಿಕೊಂಡ ಮೇಲೆ ಸೇರಿ. ಕ್ಯಾಲೆಂಡರ್‌ನಲ್ಲಿ 4.45ರಿಂದಲೇ ಬಿಡುವಿಲ್ಲ ಎಂದು ಹಾಕಿಡಿ, 4.50ಕ್ಕೆ ಶುರುವಾಗುವ "ಐದೇ ನಿಮಿಷದ" ಮೀಟಿಂಗ್‌ಗಳೇ ಎಲ್ಲ ಕೆಡಿಸುವುದು.

ಜ್ವರ ಬಂದ ಮಗುವನ್ನು ಡೇಕೇರ್ ಇಟ್ಟುಕೊಳ್ಳುವುದಿಲ್ಲ. ಕರೆದೊಯ್ಯಲು ನಿಮ್ಮ ಜೊತೆ ಇನ್ನಿಬ್ಬರ ಹೆಸರು, ಫೋಟೊ, ಫೋನ್ ನಂಬರ್ ಕೊಟ್ಟಿಡಿ. ಒಬ್ಬರಾದರೂ ನಡೆದುಹೋಗುವಷ್ಟು ದೂರದಲ್ಲಿರಲಿ. ಮಗುವಿನ ಸುಪರ್ದಿಯ ಕೋರ್ಟ್ ಆದೇಶವಿದ್ದರೆ ಅದರ ಪ್ರತಿಯನ್ನೂ ಕೊಡಿ. ಅದಿಲ್ಲದೆ ಇನ್ನೊಬ್ಬ ಪೋಷಕರು ಬಂದು ನಿಂತರೆ ಅಲ್ಲಿನ ಆಯಾ ಏನೂ ಮಾಡಲಾರರು.

ಮಗುವಿಗಾಗಿ ಕೆಲಸ ಬಿಟ್ಟಿದ್ದರೆ, ಆ ಬಿಡುವಿನಲ್ಲಿ ಬದಲಾದ ನಿಯಮಗಳನ್ನು ಓದಿಕೊಂಡೇ ಸಂದರ್ಶನಕ್ಕೆ ಹೋಗಿ: ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ 2023ರ ಏಪ್ರಿಲ್‌ನಿಂದ ಆಡಿಟ್ ಟ್ರೇಲ್ (ಲೆಕ್ಕದಲ್ಲಿ ಮಾಡಿದ ಪ್ರತಿ ಬದಲಾವಣೆಯ ದಾಖಲೆ), ಅದೇ ವರ್ಷದ ಆಗಸ್ಟ್‌ನಿಂದ ವಾರ್ಷಿಕ ವಹಿವಾಟು 5 ಕೋಟಿ ದಾಟಿದವರಿಗೆ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್).

ಸೆಪ್ಟೆಂಬರ್ ಕೊನೆಯ ಟ್ಯಾಕ್ಸ್ ಆಡಿಟ್‌ನಲ್ಲಿ ಮಾತ್ರ 5 ಗಂಟೆಯ ಲೆಕ್ಕ ನಡೆಯುವುದಿಲ್ಲ, ಅದನ್ನು ನಾವೇ ಮೊದಲು ಹೇಳಿಬಿಡಬೇಕು. ಆ ವಾರಕ್ಕೆ ಊರಿಂದ ಅಮ್ಮನನ್ನೋ ಅಕ್ಕನನ್ನೋ ಕರೆಸಿಕೊಳ್ಳುವುದಾದರೆ, ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಜುಲೈ ಕೊನೆಯಲ್ಲೇ ಟಿಕೆಟ್ ಮಾಡಿಸಿ.